ಒಂದೇ ವಾರದ ಮುಲಾಮು

ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತಿದರೆ ಸಾಕು, ನನ್ನ ದನಿ ತಾನಾಗಿಯೇ ಇಳಿದುಹೋಗುತ್ತದೆ. ಮೊನ್ನೆ ನನಗೆ ಬೇಕಾಗಿದ್ದದ್ದು ಒಂದಿಷ್ಟು ಹತ್ತಿ, ಒಂದು ಬಾಟಲಿ ಟಿಂಚರು. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ನೀವೇ ಹೇಳಿ. ಆದರೂ ಕೌಂಟರಿನ ಮೇಲೆ ಬಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಪಿಸುಗುಟ್ಟಿದೆ. ಅಂಗಡಿಯಾಕೆ ನನ್ನ ಬಿಳಿಗೂದಲು ನೋಡಿ ಏನು ತಿಳಿದಳೋ, ಮರುಮಾತಿಲ್ಲದೆ ಮೂಲವ್ಯಾಧಿಯ ಮುಲಾಮು ತಂದು ಕಾಗದದಲ್ಲಿ ಸುತ್ತಿಕೊಟ್ಟಳು. ಮನೆಗೆ ಬಂದು ಬಿಚ್ಚಿ ನೋಡಿದಾಗ ನನ್ನ ಗಂಡ ನಕ್ಕ ನಗು ಇನ್ನೂ ನಿಂತಿಲ್ಲ.

ಈ ಪಿಸುಮಾತಿನ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅಂಟಿಕೊಂಡದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಮಲ್ಕಾಜ್‌ಗಿರಿಯ ಒಂದು ಔಷಧಿ ಅಂಗಡಿಯಲ್ಲಿ, ಮೊಡವೆಯ ದೆಸೆಯಿಂದ.

ಮೊಡವೆ ಬರಬೇಕಾದದ್ದು ಹದಿನಾರಕ್ಕೆ. ನನ್ನ ಜೊತೆಗಾತಿಯರಿಗೆಲ್ಲ ಹಾಗೇ ಬಂದು ಹಾಗೇ ಹೋದವು. ಅವರು ಕನ್ನಡಿಯ ಮುಂದೆ ಕೂತು ಅಳುವಾಗ ನಾನು ಸಪಾಟು ಕೆನ್ನೆ ಇಟ್ಟುಕೊಂಡು ಪಕ್ಕದಲ್ಲಿ ಕೂತು, "ನೀರು ಜಾಸ್ತಿ ಕುಡೀರಿ" ಎಂದು ಉಪದೇಶ ಮಾಡುತ್ತಿದ್ದೆ. ಅವರಿಗೆಲ್ಲ ಮದುವೆಯಾಗಿ, ಮುಖ ತಿಳಿಯಾಗಿ, ಕಂಕುಳಿಗೊಂದು ಕೂಸು ಬಂದ ಮೇಲೆ ಅವು ನನ್ನ ವಿಳಾಸ ಹುಡುಕಿಕೊಂಡು ಬಂದವು. ತಡವಾಗಿ ಬಂದ ನೆಂಟರ ಹಾಗೆ, ಗಂಟುಮೂಟೆ ಸಮೇತ, ಹೊರಡುವ ಮಾತೇ ಇಲ್ಲದೆ. ಮೊದಲು ಗದ್ದದ ಮೇಲೆ ಒಂದು. ವಾರದೊಳಗೆ ಎರಡೂ ಕೆನ್ನೆ. ತಿಂಗಳಾಗುವಷ್ಟರಲ್ಲಿ ಹಣೆಯ ಮೇಲೂ ಜಾಗ ಹಿಡಿದವು.

ನಮ್ಮದು ರಾಯಚೂರು ಕಡೆಯ ಮನೆತನ. ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ವರ್ಗವಾಗಿ ಬಂದವರು ಮಲ್ಕಾಜ್‌ಗಿರಿಯಲ್ಲೇ ಬೇರುಬಿಟ್ಟಿದ್ದರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ಹಾಗಾಗಿ ನನ್ನ ಮುಖಕ್ಕೆ ಮೂರು ಭಾಷೆಯಲ್ಲಿ ಕಾಟ. ಮನೆಯಲ್ಲಿ ಮೊಡವಿ, ಓಣಿಯಲ್ಲಿ ಮೊಟಿಮಲು, ಹಾಲು ಹಾಕುವ ಹಿಂದಿ ಮಾತಿನ ಖಾಲಾಳ ಬಾಯಲ್ಲಿ ಮುಹಾಸೆ. ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದ ಹೆಂಗಸು ಪಕ್ಕದಲ್ಲಿ ಕೂತು, ಟಿಕೆಟ್ಟು ತೆಗೆಯುವುದಕ್ಕೂ ಮೊದಲು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಮೊಹಾನಿಕಿ ಏಮೈಂದಮ್ಮಾ?" ಎಂದು ಕೇಳುತ್ತಿದ್ದಳು. ಮುಖಕ್ಕೆ ಏನಾಯಿತಂತೆ! ಕಾಣುವುದಿಲ್ಲವೇ ಏನಾಗಿದೆ ಅಂತ? ಒಬ್ಬಳು ಶೇಂಗಾ ಬಿಡು ಅಂದಳು. ಇನ್ನೊಬ್ಬಳು ಮಾವಿನ ಹಣ್ಣು ಬಿಡು ಅಂದಳು. ಅದೂ ಬಂಗಿನಪಲ್ಲಿ ಹಣ್ಣು ಬಂಡಿಗಟ್ಟಲೆ ಬಂದು ಬೀಳುವ ಮೇ ತಿಂಗಳಲ್ಲಿ! ಮೂರನೆಯವಳು ಸ್ವಲ್ಪ ಯೋಚಿಸಿ, ಮದುವೆಯಾಗು, ತಾನೇ ಹೋಗುತ್ತವೆ ಅಂದಳು.

ಅವ್ವನದು ಬೇರೆಯೇ ದವಾಖಾನೆ. ಬೆಳಿಗ್ಗೆ ಎದ್ದರೆ ಬೇವಿನ ಎಲೆ ಅರೆದು ಹಚ್ಚುವಳು, ಸಂಜೆ ಬಂದರೆ ಮುಲ್ತಾನಿ ಮಿಟ್ಟಿ. ನಡುವೆ ಶ್ರೀಗಂಧದ ಕೊರಡು, ಅರಿಸಿನ, ಲಿಂಬೆಹಣ್ಣು. ಮುಖ ಹಸಿರಾಗಿದ್ದಾಗಲೇ ಅಪ್ಪನ ಆಫೀಸಿನವರು ಬರುತ್ತಿದ್ದರು. ಹಳದಿಯಾಗಿದ್ದಾಗ ಸಿಲಿಂಡರಿನವನು ಬರುತ್ತಿದ್ದ. "ಸುಮ್ಮ ಕೂಡು, ಮಾತಾಡಬ್ಯಾಡ, ಬಿರೀತದ" ಎಂದು ಗದರಿಸಿ ಅವ್ವ ಎರಡೂ ಬದಿಯ ಮಾತನ್ನು ತಾನೇ ಆಡುತ್ತಿದ್ದಳು.

ನಮ್ಮ ರಾಯಚೂರಿನ ಅಜ್ಜಿಯ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಹೋದರೆ, ಮಧ್ಯಾಹ್ನದ ಸುಡು ಬಿಸಿಲಿಗೆ ಬಾಗಿಲು ಮುಚ್ಚಿ, ಅಂಗಳಕ್ಕೆ ನೀರು ಹೊಡೆದು, ಎಲ್ಲರೂ ತಣ್ಣನೆಯ ಶಹಾಬಾದು ಕಲ್ಲಿನ ಮೇಲೆ ಅಂಗಾತ ಮಲಗುತ್ತಿದ್ದೆವು. ನಾನು ಅಜ್ಜಿಯ ಪಕ್ಕ ಮಲಗಿ ಆ ಕುಳಿಗಳಲ್ಲಿ ಒಂದೊಂದಾಗಿ ಬೆರಳಿಡುತ್ತಿದ್ದೆ. ಅವಳು ನಿದ್ದೆಗಣ್ಣಲ್ಲೇ, "ಎಲ್ಲಾ ಅದಾವೇನವ್ವಾ? ಒಂದೂ ಕಳದಿಲ್ಲಲ?" ಎಂದು ಕೇಳುತ್ತಿದ್ದಳು. ಆ ಮುಖ ಕೆಟ್ಟದ್ದೆಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಆದರೆ ಇಪ್ಪತ್ತಮೂರರಲ್ಲಿ ನನ್ನ ಮುಖದ ಮೇಲೆ ಬೆರಳಿಟ್ಟುಕೊಂಡಾಗ ಅಜ್ಜಿ ನೆನಪಾಗಲಿಲ್ಲ. ನೆನಪಾದದ್ದು ಔಷಧಿ ಅಂಗಡಿ.

ಇಲ್ಲಿ ನನ್ನ ನೌಕರಿಯ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನನ್ನ ಮೂರ್ಖತನದ ಪೂರ್ತಿ ಅಳತೆ ನಿಮಗೆ ಸಿಗುವುದಿಲ್ಲ. ಅದು ಹೈದರಾಬಾದಿಗೆ ಕಂಪ್ಯೂಟರಿನ ಜ್ವರ ಬಂದಿದ್ದ ಕಾಲ. ಇರಾನಿ ಚಹಾದ ಅಂಗಡಿಯ ಮೇಲಿನ ಮಹಡಿಯಲ್ಲೂ ಒಂದು ಕೋರ್ಸು, ಟೈಲರನ ಅಂಗಡಿಯ ಹಿಂದೆಯೂ ಒಂದು ಕೋರ್ಸು. ಕಾಲೇಜು ಮುಗಿಸಿದ ಹುಡುಗ ಹುಡುಗಿಯರೆಲ್ಲ ಯಾವುದಾದರೊಂದು ಪರದೆಯ ಮುಂದೆ ಕೂತಿದ್ದರು. ನಾನು ಕೂತದ್ದು ಹಿಮಾಯತ್‌ನಗರದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿಷಯವನ್ನು ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ನಾವು ಅದನ್ನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿ, ಕಾಲ ಕೆಳಗಿನ ಪೆಡಲು ಒತ್ತಿ ಹಿಂದೆ ಮುಂದೆ ಓಡಿಸಿ, ಅಕ್ಷರ ತಪ್ಪದಂತೆ ಟೈಪು ಮಾಡಿ ವಾಪಸು ಕಳಿಸಬೇಕು. ಅಪ್ಪ ಊರಲ್ಲೆಲ್ಲ "ಮಗಳು ಸಾಫ್ಟ್‌ವೇರ್‌ನಾಗ ಅದಾಳ" ಎಂದು ಹೇಳಿಕೊಂಡಿದ್ದರು. ನಾನು ತಿದ್ದಲು ಹೋಗಲಿಲ್ಲ.

ನನ್ನ ಪಾಲಿಗೆ ಬಂದದ್ದು ಚರ್ಮರೋಗದ ವಿಭಾಗ! ದಿನಕ್ಕೆ ಎಂಟು ಗಂಟೆ ನಾನು ಮೊಡವೆಯ ಬಗ್ಗೆಯೇ ಟೈಪು ಮಾಡುತ್ತಿದ್ದೆ. ಬೆಂಜಾಯ್ಲ್ ಪೆರಾಕ್ಸೈಡು, ಸ್ಯಾಲಿಸಿಲಿಕ್ ಆ್ಯಸಿಡ್ಡು, ಬೀಟಾಮೆಥಸೋನು, ಎಲ್ಲದರ ಸ್ಪೆಲ್ಲಿಂಗೂ ನನಗೆ ಬಾಯಿಪಾಠ. ಆದರೆ ಯಾವುದನ್ನು ಎಷ್ಟು ಹಚ್ಚಬೇಕು, ಯಾವುದು ಏನು ಮಾಡುತ್ತದೆ ಎಂದು ಒಮ್ಮೆಯಾದರೂ ನಿಂತು ಯೋಚಿಸಿದವಳಲ್ಲ. ಅಕ್ಷರ ತಪ್ಪದಿದ್ದರೆ ಆಯಿತು, ಅರ್ಥ ಕಟ್ಟಿಕೊಂಡು ಏನಾಗಬೇಕು?

ಮೊದಲ ಸಲ ಅಂಗಡಿಗೆ ಹೋದ ದಿನ ಒಳಗೆ ಆರು ಜನ ಇದ್ದರು. ಅವರು ಹೋಗಲೆಂದು ಕಾದೆ. ಇಬ್ಬರು ಹೋದರು, ಮೂವರು ಬಂದರು. ಕೊನೆಗೆ ಧೈರ್ಯ ಮಾಡಿ, ಕನ್ನಡಕ ಹಾಕಿದ್ದ ಅಂಗಡಿಯವರ ಬಳಿ ಹೋಗಿ ಮೆಲ್ಲಗೆ ಕೇಳಿದೆ. ಆ ಮನುಷ್ಯ ಕನ್ನಡಕವನ್ನು ಹಣೆಗೇರಿಸಿ, ಇಡೀ ಅಂಗಡಿಗೆ ಕೇಳುವ ಹಾಗೆ, "ಪಿಂಪಲ್ಸ್‌ಕಾ? ಎವರಿಕಿ, ಮೀಕೇನಾ?" ಎಂದರು. ಯಾರಿಗೆ, ನಿಮಗೇನಾ ಅಂತೆ. ಆರೇಳು ತಲೆಗಳು ನನ್ನತ್ತ ತಿರುಗಿದವು. ಕೆಮ್ಮಿನ ಔಷಧಿಗೆ ಬಂದಿದ್ದ ಮುದುಕರೊಬ್ಬರು ಕೆಮ್ಮು ನಿಲ್ಲಿಸಿ, ತಮ್ಮ ಸೊಸೆಗೆ ಯಾವ ಸೋಪಿನಿಂದ ವಾಸಿಯಾಯಿತೆಂದು ವಿವರಿಸಿದರು. ಅಂಗಡಿಯವರು ಕೌಂಟರಿನ ಮೇಲೆ ಒಂದು ಡಜನ್ ಟ್ಯೂಬು ಹರಡಿದರು. ಕೆಂಪು ಡಬ್ಬಿ, ನೀಲಿ ಡಬ್ಬಿ, ಬೇವಿನ ಚಿತ್ರದ್ದು, ನಗುವ ಹುಡುಗಿಯ ಚಿತ್ರದ್ದು. ಎಲ್ಲವೂ ಒಳ್ಳೆಯವೇ ಅಂತೆ. ಎಲ್ಲವೂ ಒಳ್ಳೆಯವಾದರೆ ಒಂದು ಡಜನ್ ಯಾಕೆ ಬೇಕು ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಓಡಿದೆ.

ಆ ವರ್ಷ ನಾನು ಹಚ್ಚದೆ ಬಿಟ್ಟದ್ದಿಲ್ಲ. ಗಂಧಕದ ಸೋಪು ಹಚ್ಚಿ ಬೆಂಕಿಪೊಟ್ಟಣದ ವಾಸನೆ ಹೊಡೆದೆ. ಅದನ್ನು ಹತ್ತು ದಿನಕ್ಕೆ ಬಿಟ್ಟು ಒಂದು ಲೋಷನ್ನು, ಲೋಷನ್ನನ್ನು ಎಂಟು ದಿನಕ್ಕೆ ಬಿಟ್ಟು ಬೆಂಜಾಯ್ಲ್ ಪೆರಾಕ್ಸೈಡಿನ ಜೆಲ್ಲು. ಕಡಲೆಕಾಳಷ್ಟು ಹಚ್ಚಬೇಕಾದ ಅದನ್ನು ನಾನು ರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿದುಕೊಂಡು, ಒಣಗುವ ಮೊದಲೇ ಅವ್ವನ ಇಳಕಲ್ ಸೀರೆಯ ಸೆರಗಿಗೆ ಮುಖ ಒರೆಸಿದೆ. ನನ್ನ ಚರ್ಮ ಈರುಳ್ಳಿಯ ಹಾಗೆ ಸುಲಿಯಿತು. ಸೀರೆಯ ಕೆಂಪು ಸೆರಗಿನಲ್ಲಿ ನನ್ನ ಮುಖದಗಲದ ಬಿಳಿ ಕಲೆ ಮೂಡಿತು.

"ಮಾರಿ ಹೊಳ್ಳಿ ಬರತದ, ಈ ಸೆರಗು ಎಲ್ಲಿಂದ ತರಲಿ?" ಎಂದು ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವಳು ಸುಜಯಾ, ಉಡುಪಿಯಿಂದ ಬಂದವಳು. ಒಬ್ಬಳೇ ಹಾಸ್ಟೆಲಿನಲ್ಲಿದ್ದಳು, ಯಾವುದಕ್ಕೂ ಅವಸರ ಮಾಡುವವಳಲ್ಲ. ಅವಳು ನನ್ನ ಡ್ರಾವರಿನಲ್ಲಿದ್ದ ಟ್ಯೂಬುಗಳ ರಾಶಿ ನೋಡಿ, "ಎಂಥದು ಮಾರಾಯ್ತಿ ಇದು, ಅಂಗಡಿ ಇಡ್ತೀಯಾ? ಯಾವುದಾದರೂ ಒಂದನ್ನು ಹಿಡಿ. ಸ್ವಲ್ಪ ಸ್ವಲ್ಪ ಹಚ್ಚು. ಎರಡು ತಿಂಗಳು ಕಾಯಿ" ಎಂದಳು. ಇಡೀ ಹೈದರಾಬಾದಿನಲ್ಲಿ ನನಗೆ ಸರಿಯಾದ ಮಾತು ಹೇಳಿದವಳು ಅವಳೊಬ್ಬಳೇ. ಅದಕ್ಕೇ ಇರಬೇಕು, ನಾನು ಅವಳ ಮಾತು ಕೇಳಲಿಲ್ಲ.

ಕಾಯಲು ನನ್ನ ಬಳಿ ಎರಡು ತಿಂಗಳು ಸಮಯವೂ ಇರಲಿಲ್ಲ. ಹೊಸದಾಗಿ ಸೇರುವವರಿಗೆ ಕಲಿಸಲು ಒಬ್ಬ ಟ್ರೈನರು ಬೇಕಾಗಿತ್ತು. ನನ್ನ ಕೆಲಸ ಎಲ್ಲರಿಗಿಂತ ಚೊಕ್ಕಟವಾಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ನಮ್ಮ ಮ್ಯಾನೇಜರು ಒಂದು ದಿನ ಕರೆದು, "ಮುಂದಿನ ತಿಂಗಳು ಅಮೆರಿಕದಿಂದ ಕ್ಲೈಂಟುಗಳು ಬರುತ್ತಾರೆ. ಅವರ ಮುಂದೆ ಕ್ಲಾಸು ತೆಗೆದುಕೊಳ್ಳಲು ನಿಮ್ಮನ್ನೇ ನಿಲ್ಲಿಸಬೇಕು ಅಂತಿದ್ದೇನೆ. ಆದರೆ..." ಎಂದು ನಿಲ್ಲಿಸಿ, ತಮ್ಮ ತೋರುಬೆರಳಿನಿಂದ ತಮ್ಮದೇ ಮುಖದ ಸುತ್ತ ಗಾಳಿಯಲ್ಲಿ ಒಂದು ಸೊನ್ನೆ ಬರೆದರು. "ಸ್ವಲ್ಪ ನೋಡಿಕೊಳ್ಳಿ" ಎಂದರು.

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. "ಆಗಲಿ ಸರ್" ಅಂದೆ. ಅದು ನೆನಪಾದಾಗ ಈಗ ಬರುತ್ತದೆ ಸಿಟ್ಟು, ಬಂದು ಏನು ಪ್ರಯೋಜನ.

ಸಂಜೆ ನೇರವಾಗಿ ಅದೇ ಔಷಧಿ ಅಂಗಡಿಯವರ ಬಳಿ ಹೋಗಿ, ಬೇಗ ವಾಸಿಯಾಗುವಂಥದ್ದು ಏನಿದ್ದರೂ ಕೊಡಿ ಎಂದೆ. ಅವರು ಈ ಸಲ ಏನನ್ನೂ ಹರಡಲಿಲ್ಲ. ಹಿಂದಿನ ಕಪಾಟಿನಿಂದ ಒಂದೇ ಒಂದು ಚಿಕ್ಕ ಟ್ಯೂಬು ತೆಗೆದರು. ಮೂರು ಔಷಧಿ ಸೇರಿಸಿದ್ದಂತೆ. "ವಾರಂ ರೋಜುಲು ಚಾಲಮ್ಮಾ" ಎಂದರು. ಒಂದೇ ವಾರ ಸಾಕು. ಚೀಟಿ ಕೇಳಲಿಲ್ಲ, ಡಾಕ್ಟರಿಗೆ ತೋರಿಸಿದ್ದೀರಾ ಅನ್ನಲಿಲ್ಲ. ಡಬ್ಬಿಯ ಬದಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಒಳಗೇನಿದೆ ಎಂದು ಬರೆದಿತ್ತು. ಬೆಳಗಿನಿಂದ ಸಂಜೆಯ ತನಕ ಅವೇ ಹೆಸರುಗಳನ್ನು ಟೈಪು ಮಾಡುವ ನಾನು ಅದನ್ನು ಓದಲಿಲ್ಲ.

ಏನು ಹೇಳಲಿ, ಒಂದು ವಾರವೂ ಬೇಕಾಗಲಿಲ್ಲ. ಐದನೆಯ ದಿನಕ್ಕೆ ಮೊಡವೆಗಳು ಕೂತುಹೋದವು. ಹತ್ತನೆಯ ದಿನಕ್ಕೆ ಮುಖ ಒಳಗಿನಿಂದ ದೀಪ ಹಚ್ಚಿದಂತೆ ಹೊಳೆಯತೊಡಗಿತು. ಬಸ್ಸಿನ ಹೆಂಗಸರು ಈಗ ಗದ್ದ ಹಿಡಿದು ಏನು ಹಚ್ಚುತ್ತೀ ಎಂದು ಕೇಳಿದರು. ಕ್ಲೈಂಟುಗಳು ಬಂದರು. ಅವರಲ್ಲಿ ಹಿರಿಯನ ಮೂಗು ನಮ್ಮ ಬಿಸಿಲಿಗೆ ಸುಟ್ಟು ಟೊಮೆಟೊ ಆಗಿತ್ತು. ಮುಖದ ತುಂಬ ಕಂದು ಚುಕ್ಕೆ. ಆತ ನನ್ನ ಮುಖವನ್ನು ನೋಡಿದ ಹಾಗೆಯೇ ಕಾಣಲಿಲ್ಲ, ಕ್ಲಾಸಿನ ಉದ್ದಕ್ಕೂ ನೀರು ಕುಡಿಯುತ್ತ ಕೂತಿದ್ದ. ಅಂತೂ ನಾನು ಟ್ರೈನರಾದೆ.

ಆಗ ನನಗೆ ಬಂದ ಧಿಮಾಕು ಕೇಳಬೇಡಿ.

ನಮ್ಮ ಮನೆಯ ಪಕ್ಕದ ಸೈಟಿನಲ್ಲಿ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಕೆಲಸಕ್ಕೆ ಬಂದ ಹೆಂಗಸರು ಬೆಳಿಗ್ಗೆ ನಮ್ಮ ನಳಕ್ಕೆ ಕುಡಿಯುವ ನೀರು ಹಿಡಿಯಲು ಬರುತ್ತಿದ್ದರು. ಅವರಲ್ಲೊಬ್ಬಳು ಮಲ್ಲಮ್ಮ. ಯಾದಗಿರಿ ಹತ್ತಿರದ ಹಳ್ಳಿಯವಳು, ಇಪ್ಪತ್ತರ ಆಸುಪಾಸು, ಗಂಡನೂ ಅದೇ ಸೈಟಿನಲ್ಲಿ ಗಾರೆ ಕೆಲಸ. "ನಮ್ಮ ಕಡಿ ಹುಡುಗಿ" ಎಂದು ಅವ್ವನಿಗೆ ಅವಳ ಮೇಲೆ ಪ್ರೀತಿ; ಕೊಡ ತುಂಬುವಷ್ಟರಲ್ಲಿ ಇಬ್ಬರೂ ಜೋಳದ ಬೆಲೆಯಿಂದ ಹಿಡಿದು ಜಗತ್ತನ್ನೆಲ್ಲ ಸುತ್ತಿ ಬರುತ್ತಿದ್ದರು. ಬಿಸಿಲಲ್ಲಿ ಸಿಮೆಂಟು ಹೊತ್ತು ಅವಳ ಕೆನ್ನೆಯ ಮೇಲೆ ಕಪ್ಪು ಮಚ್ಚೆ, ಅದರ ನಡುವೆ ನಾಲ್ಕಾರು ಮೊಡವೆ. ಅವಳು ಅದರ ಬಗ್ಗೆ ತಲೆ ಕೆಡಿಸಿಕೊಂಡವಳೇ ಅಲ್ಲ. ಒಂದು ಬೆಳಿಗ್ಗೆ ಸುಮ್ಮನೆ ಮಾತಿಗೆ, "ಅಕ್ಕಾರ ಮಾರಿ ಭಾಳ ಚಂದ ಆಗೇತಲ್ರಿ, ಏನ್ ಹಚ್ಚಾಕತ್ತೀರಿ?" ಎಂದಳು.

ಅಷ್ಟು ಸಾಕಾಯಿತು ನನಗೆ. ಒಳಗೆ ಹೋಗಿ ಹೊಸ ಟ್ಯೂಬೊಂದನ್ನು ತಂದು ಅವಳ ಕೈಯಲ್ಲಿಟ್ಟು, ಮಹಾ ದಾನ ಮಾಡಿದವಳಂತೆ ನಿಂತುಕೊಂಡೆ.

"ಬ್ಯಾಡ್ರಿ ಅಕ್ಕಾ, ನನಗ್ಯಾಕ. ದಿನಾ ಸಿಮೆಂಟ್ ಬೀಳೂ ಮಾರಿ ಇದು."

"ಏ, ಹಚ್ಚಿ ನೋಡು. ಒಂದ ವಾರದಾಗ ನಿನ್ನ ಗಂಡ ನಿನ್ನ ಗುರುತ ಹಿಡಿಯಂಗಿಲ್ಲ."

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಟ್ಯೂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಡ ಎತ್ತಿದಳು.

ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ನಾನು ಒಂದು ದಿನ ಹಚ್ಚುವುದನ್ನು ಮರೆತೆ. ಮರುದಿನ ಮುಖ ಕೆಂಡವಾಗಿತ್ತು. ಹಚ್ಚಿದರೆ ತಣ್ಣಗಾಗುತ್ತಿತ್ತು, ಬಿಟ್ಟರೆ ಉರಿ. ಬರಬರುತ್ತ ಹಚ್ಚಿದರೂ ಉರಿ. ಬಸ್‌ಸ್ಟಾಪಿನಲ್ಲಿ ಐದು ನಿಮಿಷ ಬಿಸಿಲಿಗೆ ನಿಂತರೆ ಕೆನ್ನೆಗೆ ಮೆಣಸಿನಕಾಯಿ ಅರೆದು ಮೆತ್ತಿದಂತೆ. ಚರ್ಮ ಈರುಳ್ಳಿಸಿಪ್ಪೆಯಷ್ಟು ತೆಳ್ಳಗಾಗಿ ಒಳಗಿನ ನರಗಳು ಕೆಂಪು ದಾರದಂತೆ ಕಾಣುತ್ತಿದ್ದವು. ಮೊಡವೆಗಳು ಹೊಸ ಬಳಗ ಕಟ್ಟಿಕೊಂಡು ಮರಳಿದವು. ಅಂಗಡಿಯವರು, ಇನ್ನೊಂದು ಟ್ಯೂಬು ಹಚ್ಚಿ, ಆಗುತ್ತದೆ ಎಂದರು. ನಾನು ಹಚ್ಚಿದೆ. ನಂಬುತ್ತೀರಾ? ಹಚ್ಚಿದೆ!

ಆಮೇಲೊಂದು ಮಧ್ಯಾಹ್ನ, ಹೊಸಬರಿಗೆ ತೋರಿಸಲೆಂದು ಒಂದು ಹೊಸ ಫೈಲು ಹಾಕಿಕೊಂಡು ಕೂತಿದ್ದೆ. ಹೆಡ್‌ಫೋನಿನಲ್ಲಿ ಡಾಕ್ಟರೊಬ್ಬರು ನಿದ್ದೆ ಬಂದವರಂತೆ ಹೇಳುತ್ತಿದ್ದರು. ರೋಗಿ ಹೆಂಗಸು. ಯಾವುದೋ ಸ್ಟಿರಾಯ್ಡ್ ಮುಲಾಮನ್ನು ಡಾಕ್ಟರನ್ನು ಕೇಳದೆ ಹಲವು ವಾರ ಮುಖಕ್ಕೆ ಹಚ್ಚಿದ್ದಾಳೆ. ಕೆನ್ನೆ ಕೆಂಪು, ಚರ್ಮ ತೆಳುವಾಗಿದೆ, ನರಗಳು ಕಾಣುತ್ತವೆ, ಬಿಸಿಲು ತಾಳುವುದಿಲ್ಲ, ಬಿಟ್ಟರೆ ಉರಿ ಹೆಚ್ಚುತ್ತದೆ. ಪೆಡಲು ಒತ್ತಿ ಹಿಂದಕ್ಕೆ ಓಡಿಸಿದೆ. ಮತ್ತೆ ಕೇಳಿದೆ. ಮೂರನೆಯ ಸಲ ಕೇಳುವಾಗ ನನ್ನ ಕೈ ಚೀಲದೊಳಗೆ ಹೋಗಿ ಟ್ಯೂಬು ಹುಡುಕುತ್ತಿತ್ತು. ಇರುವೆಯಂಥ ಅಕ್ಷರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಅಲ್ಲೇ ಇತ್ತು, ನಾನು ಸಾವಿರ ಸಲ ತಪ್ಪಿಲ್ಲದೆ ಟೈಪು ಮಾಡಿದ ಹೆಸರು, ಬೀಟಾಮೆಥಸೋನು. ಅದೇ ಸ್ಟಿರಾಯ್ಡು.

ನನ್ನ ಮುಖಕ್ಕಾಗಿ ಅಳು ಬಂತು. ಮರುಗಳಿಗೆಯಲ್ಲೇ ಮಲ್ಲಮ್ಮ ನೆನಪಾದಳು. ನಾನು ನೆರಳಲ್ಲಿ, ಏಸಿಯಲ್ಲಿ ಕೂತವಳು. ಅವಳು ಇಡೀ ದಿನ ಬಿಸಿಲಿನಲ್ಲಿ.

ಪಕ್ಕದ ಸೈಟಿನ ಸ್ಲ್ಯಾಬು ಮುಗಿದು ಆ ಗುಂಪು ಹೊರಟುಹೋಗಿ ತಿಂಗಳಾಗಿತ್ತು. "ಮಿಯಾಪುರದಾಗ ದೊಡ್ಡ ಅಪಾರ್ಟ್‌ಮೆಂಟ್ ಏಳಾಕತ್ತಾವಂತ, ಅಲ್ಲಿಗಿ ಹೋದ್ರು" ಎಂದಳು ಅವ್ವ. ಮರುದಿನ ರಜೆ ಹಾಕಿ ಮಿಯಾಪುರದ ಬಸ್ಸು ಹತ್ತಿದೆ. ಈಗಿನ ಮೆಟ್ರೊ ಇಲ್ಲ, ಎರಡು ಬಸ್ಸು ಬದಲಿಸಿ, ತಲೆಗೆ ದುಪಟ್ಟ ಸುತ್ತಿಕೊಂಡು ಬಂದಿಳಿದರೆ ಕಣ್ಣು ಹಾಯುವಷ್ಟು ದೂರಕ್ಕೂ ಬಂಡೆ, ಬಂಡೆಗಳ ನಡುವೆ ಕಂಬಿಗಳು ಮೇಲೆದ್ದ ಅರ್ಧಂಬರ್ಧ ಕಟ್ಟಡಗಳು. ಯಾವ ಅಪಾರ್ಟ್‌ಮೆಂಟು ಎಂದು ಅವ್ವನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದೊಂದೇ ಗೇಟಿನಲ್ಲಿ ನಿಂತು, "ಯಾದಗಿರಿ ಕಡೆ ಮಲ್ಲಮ್ಮ ಅಂತ ಇದ್ದಾಳೇನ್ರಿ?" ಎಂದು ಕೂಗಿದೆ. ಮೊದಲ ಸೈಟಿನಲ್ಲೇ ಇಬ್ಬರು ಮಲ್ಲಮ್ಮಂದಿರು ಓಡಿಬಂದರು. ಎರಡನೆಯದರಲ್ಲಿ ಒಬ್ಬಳು. ಮೂರನೆಯದರಲ್ಲಿ ವಾಚ್‌ಮನ್ನು ನನ್ನ ಮುಖ ನೋಡಿ, ಕೂತ್ಕೊಳ್ಳಿ, ನೀರು ಕುಡಿಯಿರಿ ಎಂದ. ಯಾದಗಿರಿಯವರು ಹೆಣ್ಣುಮಕ್ಕಳಿಗೆ ಬೇರೆ ಹೆಸರೇ ಇಡುವುದಿಲ್ಲವೇ ಎಂದು ನಾನು ನಡುರಸ್ತೆಯಲ್ಲಿ ಬೈದುಕೊಂಡೆ.

ಐದನೆಯ ಸೈಟಿನಲ್ಲಿ ಸಿಕ್ಕಳು. ಗುಡ್ಡೆಯ ಪಕ್ಕ ಕೂತು ಪುಟ್ಟಿಗೆ ಮರಳು ತುಂಬುತ್ತಿದ್ದಳು. ಸೆರಗನ್ನು ಮೂಗಿನ ಮೇಲಿನವರೆಗೆ ಎಳೆದು ಕಟ್ಟಿದ್ದಳು. ನನ್ನನ್ನು ನೋಡಿ ಸೆರಗು ಇಳಿಸಿದಳು. ನಾನೂ ದುಪಟ್ಟ ಇಳಿಸಿದೆ. ಇಬ್ಬರದೂ ಒಂದೇ ಮುಖ.

"ಯವ್ವಾ! ಅಕ್ಕಾ, ನಿಮಗೂ ಹಿಂಗ ಆತೇನ್ರಿ?" ಎಂದು ಅವಳೇ ನನ್ನ ಕೈ ಹಿಡಿದಳು. "ನಾ ಸಿಮೆಂಟಿಂದ ಆಗೇತಿ ಅಂತ ತಿಳಕೊಂಡಿದ್ದೆ. ನೀವು ಕೊಟ್ಟದ್ದು ದಿನಾ ತಪ್ಪದಂಗ ಹಚ್ಚಾಕತ್ತೀನ್ರಿ. ಅದು ಮುಗೀತು, ಇಲ್ಲೂ ಅಂಗಡ್ಯಾಗ ಸಿಗತೈತಿ, ತಗೊಂಡೀನಿ."

ದಿನಾ ತಪ್ಪದಂಗ! ಅಂದೇ ಮಧ್ಯಾಹ್ನ ಅವಳನ್ನು ಕರೆದುಕೊಂಡು ಹಿಮಾಯತ್‌ನಗರದ ಒಬ್ಬ ಚರ್ಮದ ಡಾಕ್ಟರಮ್ಮನ ಬಳಿ ಹೋದೆ. ವರ್ಷದ ಹಿಂದೆಯೇ ಹೋಗಬೇಕಾಗಿದ್ದ ಜಾಗ. ನನ್ನ ಆಫೀಸಿನಿಂದ ಮೂರನೆಯ ಕಟ್ಟಡ.

ಡಾಕ್ಟರಮ್ಮನಿಗೆ ಕನ್ನಡ ಬಾರದು. ಮಲ್ಲಮ್ಮನಿಗೆ ತೆಲುಗು ಅಷ್ಟಕ್ಕಷ್ಟೇ. ನಡುವೆ ದುಭಾಷಿ ನಾನು. ಡಾಕ್ಟರಮ್ಮ ಮಲ್ಲಮ್ಮನ ಕೆನ್ನೆಯನ್ನು ಭೂತಗನ್ನಡಿಯಲ್ಲಿ ನೋಡಿ, ಅವಳು ಸೊಂಟದಿಂದ ತೆಗೆದುಕೊಟ್ಟ ಟ್ಯೂಬು ನೋಡಿ, ಸಿಟ್ಟಿನಿಂದ ಮೇಜಿನ ಮೇಲೆ ಕುಕ್ಕಿದರು. "ಈಕೆಗೆ ಇದನ್ನು ಯಾರು ಕೊಟ್ಟರು? ಕೇಳಿ" ಎಂದು ನನಗೆ ಹೇಳಿದರು.

ಕೇಳಲೇಬೇಕಲ್ಲ. ಮಲ್ಲಮ್ಮನತ್ತ ತಿರುಗಿ, "ಇದನ್ನ ಯಾರು ಕೊಟ್ರು ಅಂತ ಕೇಳಾಕತ್ತಾರ" ಅಂದೆ.

ಮಲ್ಲಮ್ಮ ನನ್ನ ಮುಖ ನೋಡಿದಳು. ಒಂದು ಗಳಿಗೆ, ಅಷ್ಟೇ. "ಅಂಗಡ್ಯಾಗ ನಾನ ತಗೊಂಡೆ ಅಂತ ಹೇಳ್ರಿ" ಎಂದಳು.

ನಾನು ಅದನ್ನು ಚೊಕ್ಕಟವಾಗಿ ತೆಲುಗಿಗೆ ಅನುವಾದ ಮಾಡಿ ಹೇಳಿದೆ. ಒಂದಕ್ಷರ ತಪ್ಪಿಲ್ಲದೆ.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು. ಆಮೇಲೆ ನನ್ನ ಮುಖವನ್ನೂ ನೋಡಿ, "ಆಕೆಗೆ ಗೊತ್ತಾಗಲಿಲ್ಲ, ಸರಿ. ಓದಿದವರು, ನಿಮಗೇನಾಗಿತ್ತು?" ಎಂದರು. ಈ ಮಾತನ್ನು ನಾನು ಮಲ್ಲಮ್ಮನಿಗೆ ಅನುವಾದ ಮಾಡಲಿಲ್ಲ. ಇಬ್ಬರಿಗೂ ಒಂದೇ ಚೀಟಿ ಬರೆದರು. ಮುಲಾಮನ್ನು ಹೇಗೆ ಹಂತಹಂತವಾಗಿ ಬಿಡಬೇಕು, ಉರಿಗೆ ಏನು ಹಚ್ಚಬೇಕು, ಸಾದಾ ಸೋಪು ಯಾವುದು. ಕೊನೆಗೆ, ಮೂರು ತಿಂಗಳು ಬಿಸಿಲಿಗೆ ಹೋಗಲೇಬಾರದು ಎಂದು ಹೇಳಿ ಅಂದರು. ಹೇಳಿದೆ.

ಮಲ್ಲಮ್ಮ ಕಿಲಕಿಲ ನಕ್ಕುಬಿಟ್ಟಳು. "ಬಿಸಿಲಿಗಿ ಹೋಗಬ್ಯಾಡ ಅಂದ್ರ ಮತ್ತ ಎಲ್ಲಿಗಿ ಹೋಗ್ಲಂತ ಕೇಳ್ರಿ ಅವರಿಗಿ."

ಕೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಟ್ಟಡದ ಒಳಗೆ ಏನಾದರೂ ಕೆಲಸ ಸಿಗುವುದಿಲ್ಲವೇ, ಮೇಸ್ತ್ರಿಯನ್ನು ಕೇಳಿ ನೋಡಿ ಎಂದರು.

ಮಿಯಾಪುರಕ್ಕೆ ಮರಳುವ ಬಸ್ಸಿನಲ್ಲಿ ಮಲ್ಲಮ್ಮ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ನನಗೆ ಬರಲಿಲ್ಲ. ಇಡೀ ದಾರಿ ನನ್ನನ್ನು ನಾನು ಬೈದುಕೊಂಡೆ, ಮ್ಯಾನೇಜರನ್ನು ಬೈದೆ, ಅಂಗಡಿಯವರನ್ನು ಬೈದೆ, ಗದ್ದ ಹಿಡಿದ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದೆ. ಆದರೆ ಆ ಕ್ಲಿನಿಕ್ಕಿನಲ್ಲಿ ಬಾಯಿ ಮುಚ್ಚಿ ಕೂತವಳು ನಾನೊಬ್ಬಳೇ.

ಸೈಟಿಗೆ ಬರುವಷ್ಟರಲ್ಲಿ ಕೆಲಸ ಮುಗಿಯುವ ಹೊತ್ತು. ಹೆಂಗಸರು ಕೈಕಾಲು ತೊಳೆಯುತ್ತಿದ್ದರು. ಮೇಸ್ತ್ರಿ ಗುರುಮಠಕಲ್ ಕಡೆಯವನು, ಗಟ್ಟಿ ಆಳು. ನಾನು ವಿಷಯ ಹೇಳಿ, ಮೂರು ತಿಂಗಳು ಇವಳಿಗೆ ಒಳಗಿನ ಕೆಲಸ ಕೊಡಬೇಕೆಂದೆ.

"ಒಳಗಿನ ಕೆಲಸ ಎಲ್ಲಾರೂ ಕೇಳ್ತಾರ್ರಿ. ಮುದುಕ್ಯಾರದಾರ, ಬಸುರ್ಯಾರದಾರ. ಮಾರಿಗಿ ಗುಳ್ಳಿ ಎದ್ದಾವಂತ ಒಳಗ ಕೂಡ್ಸಾಕ ಬರತೈತೇನು?" ಎಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ಯಾರ್ರಿ ಈಕಿಗಿ? ಅಕ್ಕನೋ, ತಂಗಿನೋ?"

ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು.

"ಈಕಿ ಮಾರಿ ಕೆಡಿಸಿದಾಕಿ ನಾನ" ಅಂದೆ. "ಆ ಮುಲಾಮು ನಾ ಕೊಟ್ಟದ್ದು. ಅಂಗಡ್ಯಾಗ ತಗೊಂಡೆ ಅಂತ ಈಕಿ ಡಾಕ್ಟರಮ್ಮಗ ಸುಳ್ಳು ಹೇಳ್ಯಾಳ."

ಕೈಕಾಲು ತೊಳೆಯುವ ಸಪ್ಪಳ ನಿಂತಿತು. ಮೇಸ್ತ್ರಿ ನನ್ನ ಮುಖ ನೋಡಿದ, ಮಲ್ಲಮ್ಮನ ಮುಖ ನೋಡಿದ, ಮತ್ತೆ ನನ್ನ ಮುಖ ನೋಡಿದ. ಎರಡೂ ಒಂದೇ ಥರ ಇದ್ದದ್ದು ಅವನಿಗೂ ಕಂಡಿರಬೇಕು. "ನಾಳಿಂದ ನಾಕನೇ ಫ್ಲೋರಿನಾಗ ಗ್ವಾಡಿಗಿ ನೀರು ಹೊಡಿ" ಎಂದು ಮಲ್ಲಮ್ಮನಿಗೆ ಹೇಳಿ ಹೊರಟುಹೋದ.

ಮಲ್ಲಮ್ಮ ಗೇಟಿನವರೆಗೆ ಬಂದಳು. ಅವಳಿಗೆ ನನ್ನ ಮೇಲೆ ಸಿಟ್ಟೇ ಬಂದಿತ್ತು. "ಯಾಕ ಹೇಳಿದ್ರಿ ಅಕ್ಕಾ? ನಾ ಎಷ್ಟು ಚಂದ ಮುಚ್ಚಿ ಹಾಕಿದ್ದೆ. ಇನ್ನ ಎಲ್ಲಾರೂ ನಿಮ್ಮನ್ನ ಬೈತಾರ ನೋಡ್ರಿ."

"ಬೈಲಿ ಬಿಡು" ಅಂದೆ.

ಅವಳ ಮುಖ ತಿಳಿಯಾಗಲು ನಾಲ್ಕು ತಿಂಗಳು ಹಿಡಿಯಿತು, ನನ್ನದಕ್ಕೆ ವರ್ಷ. ಅಲ್ಲಿಯವರೆಗೆ ನಾನು ಕೆಂಡದಂಥ ಮುಖ ಹೊತ್ತೇ ಕ್ಲಾಸು ತೆಗೆದುಕೊಂಡೆ. ಮ್ಯಾನೇಜರು ಮತ್ತೊಮ್ಮೆ ಗಾಳಿಯಲ್ಲಿ ಸೊನ್ನೆ ಬರೆಯಲು ಬೆರಳೆತ್ತಿದಾಗ, "ಹೌದು ಸರ್, ಇದು ಮುಖ" ಅಂದೆ. ಬೆರಳು ಕೆಳಗಿಳಿಯಿತು.

ಮಲ್ಲಮ್ಮ ಹೇಳಿದ್ದು ಮಾತ್ರ ನಿಜವಾಯಿತು. ಮೇಸ್ತ್ರಿಯ ಮುಂದೆ ಒಪ್ಪಿಕೊಂಡ ಮರುಭಾನುವಾರವೇ ಔಷಧಿ ಹಿಡಿದುಕೊಂಡು ನಾಲ್ಕನೆಯ ಮಹಡಿ ಹತ್ತಿಹೋದರೆ, ಅಲ್ಲಿದ್ದ ಹೆಂಗಸರೆಲ್ಲ ಪುಟ್ಟಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಸುತ್ತ ನಿಂತರು. ಒಬ್ಬಳು ಮುಗಿಸಿದ ಮೇಲೆ ಇನ್ನೊಬ್ಬಳು, ಯಾವ ಅವಸರವೂ ಇಲ್ಲದೆ, ಯಾದಗಿರಿಯ ಒಳ್ಳೊಳ್ಳೆ ಬೈಗುಳಗಳನ್ನೆಲ್ಲ ನನಗೆ ಕೊಟ್ಟರು. ಔಷಧಿಯ ಚೀಲ ಎದೆಗವಚಿಕೊಂಡು ನಿಂತು ಕೇಳಿದೆ. ಅವರ ಹಿಂದೆ, ಹಸಿ ಗೋಡೆಯ ನೆರಳಿನಲ್ಲಿ, ಮಲ್ಲಮ್ಮ ಒಂದು ಕೈಯಲ್ಲಿ ನೀರಿನ ಪೈಪು ಹಿಡಿದಿದ್ದಳು. ನಕ್ಕರೆ ಕೆನ್ನೆ ಇನ್ನೂ ಉರಿಯುತ್ತಿತ್ತೆಂದು ಕಾಣುತ್ತದೆ, ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದುಕೊಂಡೇ ನಗುತ್ತಿದ್ದಳು.